ಹೊಸೂರಲ್ಲಿ ಹೋಟೆಲ್ ಕೇಳಬೇಡಿ, ಗಂಟೆ ಕೇಳಿ

“ನಿಮ್ಮ ಹೊಸೂರಲ್ಲಿ ಬಾಯಿಗೆ ಹಿತವಾಗಿ ತಿನ್ನೋಕೆ ಒಂದು ಹೋಟೆಲೂ ಇಲ್ವಲ್ಲ ಗೌಡ್ರೇ” ಅಂದರು ಪಕ್ಕದ ಮನೆ ರಾಯರು, ಕಾಂಪೌಂಡಿನ ಮೇಲೆ ಎರಡೂ ಮೊಣಕೈ ಊರಿಕೊಂಡು.

ಬಸವನಗುಡಿಯಿಂದ ಬಂದವರು ಈ ಮಾತಿಗೆ ಬರೋಕೆ ಸ್ವಲ್ಪ ಕಾಲ ಹಿಡಿಯುತ್ತೆ. ಮೊದಲು ಬಾಡಿಗೆ ಕಡಿಮೆ ಅಂತ ಖುಷಿ. ಆಮೇಲೆ ಮಗಳಿಗೆ ಫ್ಯಾಕ್ಟರಿ ಹತ್ತಿರವಾಯಿತು ಅಂತ ಖುಷಿ. ಸಂಜೆ ತಣ್ಣಗೆ ಗಾಳಿ ಬೀಸುತ್ತೆ ಅಂತ ಇನ್ನೊಂದು ಖುಷಿ. ಎಲ್ಲ ಖುಷಿಯೂ ಮುಗಿದ ಮೇಲೆ ನಾಲಿಗೆ ಎದ್ದು ಕೂರುತ್ತೆ. 1943ರಿಂದ ದೋಸೆ ಹುಯ್ಯುತ್ತಿರುವ ವಿದ್ಯಾರ್ಥಿ ಭವನದ ಆಸುಪಾಸಿನಲ್ಲಿ ಬೆಳೆದವರಿಗೆ ನಲವತ್ತು ಕಿಲೋಮೀಟರ್ ಆಚೆ ಬಂದ ಕೂಡಲೇ ಎಲ್ಲ ದೋಸೆಯೂ ಸಪ್ಪೆ ಅನಿಸಿದರೆ ಅವರನ್ನು ದೂರಿ ಫಲವಿಲ್ಲ.

“ಎಲ್ಲಿ ತಿಂದ್ರಿ?” ಅಂತ ಕೇಳಿದೆ.

ಹೆದ್ದಾರಿ ಪಕ್ಕದ ಒಂದು ದೊಡ್ಡ ಹೋಟೆಲ್ ಹೆಸರು ಹೇಳಿದರು. ಆ ಹೆಸರು ಇಲ್ಲಿ ಬೇಡ. ಹೋಗಿದ್ದು ಭಾನುವಾರ, ಹನ್ನೊಂದು ಗಂಟೆಗೆ. ಆ ಹೊತ್ತಿಗೆ ಅಲ್ಲಿ ಯೇರ್ಕಾಡಿಗೆ, ಹೊಗೇನಕಲ್ಲಿಗೆ ಹೊರಟ ಬೆಂಗಳೂರಿನವರೆಲ್ಲ ಟೋಕನ್ ಹಿಡಿದು ನಿಂತಿರುತ್ತಾರೆ. ಮಕ್ಕಳು ಐಸ್‌ಕ್ರೀಮಿಗೆ ಅಳುತ್ತಿರುತ್ತವೆ. ರಾಯರು ತಿಂದಿದ್ದು ಪೊಂಗಲ್.

“ಆರಿ ಗಟ್ಟಿಯಾಗಿತ್ತು ಗೌಡ್ರೇ. ಮೆಣಸು ಮಾತ್ರ ಸಿಕ್ತು.”

“ಹನ್ನೊಂದು ಗಂಟೆಗೆ ಪೊಂಗಲ್ ಆರದೆ ಇನ್ನೇನು ಮಾಡುತ್ತೆ ರಾಯರೇ? ಅದು ಬೆಳಿಗ್ಗೆ ಆರೂವರೆಯ ಪದಾರ್ಥ. ಎಂಟು ಗಂಟೆವರೆಗೆ ಇದ್ದರೆ ಅದರ ಪುಣ್ಯ. ಇಲ್ಲಿ ಹೋಟೆಲ್ ಕೇಳಬಾರದು, ಗಂಟೆ ಕೇಳಬೇಕು.”

ರಾಯರು ಹುಬ್ಬು ಏರಿಸಿದರು. ಬ್ಯಾಂಕಿನಲ್ಲಿದ್ದವರು, ಪುರಾವೆ ಇಲ್ಲದ ಮಾತಿಗೆ ರುಜು ಹಾಕುವವರಲ್ಲ.

ಪುರಾವೆ ಬೇಕಾದರೆ ಸಿಪ್ಕಾಟ್ ಕೈಗಾರಿಕಾ ಪ್ರದೇಶದ ಗೇಟಿನ ಮುಂದೆ ನಿಲ್ಲಬೇಕು. ತಳಿ ಕಡೆಯ ಹಳ್ಳಿಯಿಂದ ನಾನು ಇಲ್ಲಿಗೆ ಕೆಲಸಕ್ಕೆ ಬಂದ ಕಾಲಕ್ಕೆ ಹೊಸೂರು ಅಂದರೆ ಒಂದು ಸಂತೆ, ಒಂದು ಬಸ್ ಸ್ಟ್ಯಾಂಡು, ಬೆಟ್ಟದ ಮೇಲೆ ಚಂದ್ರಚೂಡೇಶ್ವರ. 1980ರಲ್ಲಿ ಟಿವಿಎಸ್ 50 ಮೊಪೆಡ್ ಇಲ್ಲಿಂದ ಹೊರಬಿತ್ತು. ಅಶೋಕ್ ಲೇಲ್ಯಾಂಡ್ ಲಾರಿ ಕಾರ್ಖಾನೆಯೂ ಹೆಚ್ಚುಕಮ್ಮಿ ಅದೇ ಹೊತ್ತಿನದು. ಕೆಲವೇ ವರ್ಷಕ್ಕೆ ಟೈಟನ್ ಬಂತು. ಅವುಗಳ ಬೆನ್ನಿಗೆ ಬೋಲ್ಟು ನಟ್ಟು ಮಾಡುವ ಸಣ್ಣ ವರ್ಕ್‌ಶಾಪುಗಳು. ಒಂದು ಪಾಳಿ ಬೆಳಿಗ್ಗೆ ಒಳಗೆ ಹೋಗುತ್ತೆ, ಮಧ್ಯಾಹ್ನ ಎರಡರ ಆಸುಪಾಸಿಗೆ ಇನ್ನೊಂದು, ರಾತ್ರಿ ಹತ್ತರ ಸುಮಾರಿಗೆ ಮತ್ತೊಂದು. ಊರಿನ ಹೊಟ್ಟೆ ಆ ಪಾಳಿಗೆ ಹೊಂದಿಕೊಂಡುಬಿಟ್ಟಿತು. ದೇಶಕ್ಕೆಲ್ಲ ಕೈಗಡಿಯಾರ ಮಾಡಿಕೊಟ್ಟ ಊರಿನಲ್ಲಿ ಇಡ್ಲಿಗೊಂದು ಟೈಮು, ಬೋಂಡಾಕ್ಕೊಂದು ಟೈಮು ಇದ್ದರೆ ತಪ್ಪೇನು?

ಸಣ್ಣ ಅಂಗಡಿಯ ಲೆಕ್ಕವೂ ಇದೇ. ಒಂದು ಒಲೆ, ಒಂದು ಪಾತ್ರೆ, ಇಬ್ಬರು ಮನುಷ್ಯರು. ಫ್ರಿಜ್ ಇಲ್ಲ. ಮಾಡಿದ್ದು ಒಂದೂವರೆ ಗಂಟೆಯಲ್ಲಿ ಖರ್ಚಾಗಬೇಕು, ಉಳಿದರೆ ಅವತ್ತಿನ ಲಾಭ ಹೋಯಿತು. ಆದ್ದರಿಂದ ಅವರು ಒಂದೇ ಪದಾರ್ಥ ಮಾಡುತ್ತಾರೆ, ಅದು ಬೇಕಾದ ಜನ ಬರುವ ಹೊತ್ತಿಗೇ ಇಳಿಸುತ್ತಾರೆ. ಆ ಹೊತ್ತಿಗೆ ಹೋದವನಿಗೆ ಒಲೆಯಿಂದ ಎಲೆಗೆ ಬೀಳುತ್ತೆ, ಅರ್ಧ ಗಂಟೆ ತಡವಾಗಿ ಹೋದವನಿಗೆ “ಮುಗಿದುಹೋಯ್ತು ಸಾಮಿ” ಅನ್ನೋ ಮಾತು ಸಿಗುತ್ತೆ. ಬೋರ್ಡಿನಲ್ಲಿ ನೂರೆಂಟು ಬರೆದು ಎಲ್ಲವನ್ನೂ ಎಲ್ಲ ಹೊತ್ತಿಗೂ ಕೊಡುವ ಕಡೆ ಈ ಮಾತು ಕೇಳಿಸುವುದೇ ಇಲ್ಲ. ನನಗೆ ಅಂಥ ಕಡೆ ಅನುಮಾನ ಜಾಸ್ತಿ.

“ಸರಿ, ಬೆಳಿಗ್ಗೆಯಿಂದ ಶುರುಮಾಡಿ” ಅಂದರು ರಾಯರು. ಸ್ವಂತ ಊಟದ ವಿಚಾರಕ್ಕೆ ಬಂದರೆ ಬ್ಯಾಂಕಿನವರಿಗೂ ಪುರಾವೆ ಸಾಕಾಗುತ್ತೆ.

ಬೆಳಿಗ್ಗೆ ಅಂದರೆ ಇಡ್ಲಿ ಅಕ್ಕಂದಿರ ಹೊತ್ತು. ಬೀದಿ ತಿರುವಿನಲ್ಲಿ, ಸ್ವಂತ ಮನೆಯ ಜಗಲಿಯಲ್ಲೇ ಒಲೆ ಇಟ್ಟುಕೊಂಡಿರುತ್ತಾರೆ. ಬೋರ್ಡು ಇರಲ್ಲ, ಹೆಸರೂ ಇರಲ್ಲ. ತಟ್ಟೆಯ ಗುಳಿಗಳ ಮೇಲೆ ಒದ್ದೆ ಬಟ್ಟೆ ಹಾಸಿ ಹಿಟ್ಟು ಹುಯ್ಯುತ್ತಾರೆ, ಬೆಂದ ಮೇಲೆ ಬಟ್ಟೆ ಸಮೇತ ಎತ್ತಿ ಕವುಚಿ, ಮೇಲೆ ನೀರು ಚಿಮುಕಿಸಿ ಬಿಡಿಸುತ್ತಾರೆ. ಎಣ್ಣೆ ಸವರಿದ ಸ್ಟೀಲ್ ತಟ್ಟೆಯಲ್ಲಿ ಬೆಂದ ಇಡ್ಲಿಗೂ ಇದಕ್ಕೂ ವ್ಯತ್ಯಾಸ ಬೆರಳಿಗೇ ಗೊತ್ತಾಗುತ್ತೆ. ಬಿಡದಿಯ ತಟ್ಟೆ ಇಡ್ಲಿಯ ಗಾತ್ರ ನಿರೀಕ್ಷಿಸಬೇಡಿ. ಇದು ಪುಟ್ಟದು, ನಾಲ್ಕು ತಿಂದರೆ ಇನ್ನೆರಡು ಕೇಳಬೇಕು ಅನಿಸುತ್ತೆ.

ಆದರೆ ನಾನು ಇಡ್ಲಿಗೆ ಹೋಗುವವನಲ್ಲ, ಚಟ್ನಿಗೆ ಹೋಗುವವನು. ಎರಡು ಬಗೆ ಇರುತ್ತೆ. ಒಂದು ಟೊಮೆಟೊ, ಈರುಳ್ಳಿ, ಒಣಮೆಣಸಿನಕಾಯಿ ಹುರಿದು ರುಬ್ಬಿದ ಕೆಂಪು ಕಾರ ಚಟ್ನಿ. ಇನ್ನೊಂದು ಕೊತ್ತಂಬರಿ ಸೊಪ್ಪಿನ ಹಸಿರು ಚಟ್ನಿ. ಬೆಂಗಳೂರಿನ ಹೋಟೆಲಿನವರು ಇವೆರಡನ್ನೂ ಮಾಡುತ್ತಾರೆ, ಮಾಡಲ್ಲ ಅಂತಲ್ಲ. ಆದರೆ ಇಲ್ಲಿ ಟೊಮೆಟೊ ರಾಯಕೋಟೆ ಮಂಡಿಯಿಂದ ಬರುತ್ತೆ, ಕೊತ್ತಂಬರಿ ಶೂಲಗಿರಿ ಕಡೆಯ ಹೊಲದಿಂದ. ಹುಣಸೆಹಣ್ಣು ಕೃಷ್ಣಗಿರಿಯದು. ನಿನ್ನೆ ಸಂಜೆ ಕಿತ್ತ ಸೊಪ್ಪು ಇವತ್ತು ಬೆಳಿಗ್ಗೆ ರುಬ್ಬುಕಲ್ಲಿಗೆ ಬಿದ್ದಿರುತ್ತೆ. ಅದೇ ಸೊಪ್ಪು ಬೆಂಗಳೂರಿನ ಮಾರ್ಕೆಟ್ಟಿಗೆ ಹೋಗಿ, ಅಲ್ಲಿಂದ ತಳ್ಳುಗಾಡಿಗೆ ಇಳಿದು, ರಾಯರ ಹಳೇ ಮನೆ ಬಾಗಿಲಿಗೆ ಬರುವ ಹೊತ್ತಿಗೆ ಅದರ ಅರ್ಧ ವಾಸನೆ ಹೊಸೂರು ರಸ್ತೆಯ ಟ್ರಾಫಿಕ್ಕಿನಲ್ಲೇ ಹೋಗಿರುತ್ತೆ.

“ಸಾಂಬಾರು?” ಅಂದರು ರಾಯರು, ಎಲ್ಲ ಬೆಂಗಳೂರಿನವರ ಕೊನೆಯ ಅಸ್ತ್ರ.

“ಬೆಲ್ಲ ಇರಲ್ಲ.”

“ಅದೇ ನೋಡಿ!”

ಅದೇ ನೋಡಿ ಅನ್ನೋಕೇನಿಲ್ಲ. ಸೇಲಂ ದಾಟಿದ ಮೇಲೆ ಸಾಂಬಾರಿನಲ್ಲಿ ಬೆಲ್ಲ ಕೇಳಿದರೆ ಮೇಲಿಂದ ಕೆಳಗೆ ನೋಡುತ್ತಾರೆ. ಬೆಂಗಳೂರಿನಲ್ಲಿ ಬೆಲ್ಲ ಇಲ್ಲದಿದ್ದರೆ ಹೋಟೆಲಿನವನನ್ನೇ ನೋಡುತ್ತಾರೆ. ಇಲ್ಲಿ ಮನೆಮನೆಗೂ ಒಂದೊಂದು. ತೆಲುಗು ಮಾತಾಡುವ ಅಕ್ಕ ಮಾಡಿದರೆ ಹುಳಿ ಖಾರ ಮುಂದೆ, ತಳಿ, ದೆಂಕಣಿಕೋಟೆ ಕಡೆಯ ನಮ್ಮವರು ಮಾಡಿದರೆ ಚೂರು ಬೆಲ್ಲ ಕದ್ದು ಬಿದ್ದಿರುತ್ತೆ, ತಮಿಳಿನವರು ಮಾಡಿದರೆ ಬೇಳೆ ದಪ್ಪ, ಇಂಗು ಧಾರಾಳ. 1956ರಲ್ಲಿ ರಾಜ್ಯಗಳ ಗಡಿ ಎಳೆದವರು ನಮ್ಮ ತಾಲೂಕನ್ನು ಮದರಾಸು ರಾಜ್ಯದ ಸೇಲಂ ಜಿಲ್ಲೆಯಲ್ಲೇ ಉಳಿಸಿದರು. 1965ರಲ್ಲಿ ಧರ್ಮಪುರಿ ಜಿಲ್ಲೆಯಾಯಿತು, 2004ರಲ್ಲಿ ಕೃಷ್ಣಗಿರಿ ಜಿಲ್ಲೆಯಾಯಿತು. ಒಲೆಯ ಮುಂದಿನ ಅಕ್ಕಂದಿರಿಗೆ ಯಾರೂ ಸುತ್ತೋಲೆ ಕಳಿಸಲಿಲ್ಲ.

“ಯಾವ ಭಾಷೇಲಿ ಕೇಳಬೇಕು ಹಾಗಾದ್ರೆ?”

“ನೀವು ಕನ್ನಡದಲ್ಲೇ ಕೇಳಿ. ತೆಲುಗಲ್ಲಿ ಉತ್ತರ ಬರುತ್ತೆ, ತಮಿಳಲ್ಲಿ ಲೆಕ್ಕ ಹೇಳ್ತಾರೆ. ಚಿಲ್ಲರೆ ಮಾತ್ರ ಸರಿಯಾಗಿ ಕೊಡಿ. ಮತ್ತೆ, ಪಾತ್ರೆ ತಗೊಂಡೇ ಹೋಗಿ. 2019ರಿಂದ ಇಲ್ಲಿ ಪ್ಲಾಸ್ಟಿಕ್ ಚೀಲ ನಿಷೇಧ. ಅಕ್ಕ ಬೈಯಲ್ಲ, ಆದರೆ ಸಾಂಬಾರು ಕೈಯಲ್ಲಿ ತಗೊಂಡು ಹೋಗೋಕಾಗಲ್ವಲ್ಲ.”

ಕಾಸಿಗೆ ಹಿಂಜರಿಯುವವರಿಗೆ ಅಮ್ಮಾ ಉಣವಗಂ ಇದ್ದೇ ಇದೆ. ಜಯಲಲಿತಾ 2013ರಲ್ಲಿ ಚೆನ್ನೈಯಲ್ಲಿ ಶುರುಮಾಡಿದ್ದು, ಒಂದು ರೂಪಾಯಿಗೆ ಒಂದು ಇಡ್ಲಿ. ನಾಲ್ಕು ವರ್ಷ ಬಿಟ್ಟು ಬೆಂಗಳೂರಿನಲ್ಲಿ ಇಂದಿರಾ ಕ್ಯಾಂಟೀನ್ ಬಂತು, ಐದು ರೂಪಾಯಿಗೆ ತಿಂಡಿ. ಎರಡಕ್ಕೂ ಹೊತ್ತು ಗೊತ್ತು, ಬಾಗಿಲು ಮುಚ್ಚಿದ ಮೇಲೆ ಮಂತ್ರಿ ಬಂದರೂ ಇಡ್ಲಿ ಇಲ್ಲ. ಅಷ್ಟರಮಟ್ಟಿಗೆ ಸರ್ಕಾರವೂ ನನ್ನ ಪಕ್ಷ.

ಈಗ ಮಧ್ಯಾಹ್ನಕ್ಕೆ ಬರೋಣ ಅಂದೆ. ಇಲ್ಲಿ ನಾನು ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಈ ಸೀಮೆಯಲ್ಲಿ ಹುಡುಕಿಕೊಂಡು ಹೋಗಿ ತಿನ್ನಬೇಕಾದ ಪದಾರ್ಥ ಒಂದೇ ಅಂತ ಯಾರಾದರೂ ನನ್ನ ಕತ್ತು ಹಿಡಿದು ಕೇಳಿದರೆ ನಾನು ಹೇಳೋದು ಮುದ್ದೆ. ತಮಿಳಿನವರು ಕಳಿ ಅಂತಾರೆ, ಬೋರ್ಡಿನಲ್ಲೂ ಹಾಗೇ ಬರೆದಿರುತ್ತೆ. ತಮಿಳುನಾಡಿನಲ್ಲಿ ರಾಗಿ ಅತಿ ಹೆಚ್ಚು ಬೆಳೆಯುವ ಜಿಲ್ಲೆ ನಮ್ಮದು. ಕಾವೇರಿಪಟ್ಟಣದ ಹತ್ತಿರ ಪೈಯೂರಿನಲ್ಲಿ ಕೃಷಿ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವೇ ಇದೆ, ಅದರ ಹೆಸರಿನ ರಾಗಿ ತಳಿಯೂ ಇದೆ. ಅತ್ತ ಮಂಡ್ಯದಲ್ಲಿ ರಾಗಿ ಲಕ್ಷ್ಮಣಯ್ಯನವರು ಬೆಳೆಸಿದ ಇಂಡಾಫ್ ತಳಿಗಳೂ ಗಡಿ ಕೇಳದೆ ಈ ಕಡೆಗೆ ಬಂದವು.

ಮಂಡ್ಯದ ಮುದ್ದೆಗೂ ನಮ್ಮದಕ್ಕೂ ಒಂದು ವ್ಯತ್ಯಾಸ. ಅವರು ಬರೀ ಹಿಟ್ಟಿನಲ್ಲಿ ತಿರುವುತ್ತಾರೆ. ಕೋಲಾರ, ಹೊಸೂರು, ಕೃಷ್ಣಗಿರಿ ಕಡೆ ಮೊದಲು ಅಕ್ಕಿ ನುಚ್ಚು ಬೇಯಿಸಿ, ಅದರ ಮೇಲೆ ಹಿಟ್ಟು ಸುರಿದು, ನಡುವೆ ಕೋಲಿನಿಂದ ತೂತು ಮಾಡಿ ಮುಚ್ಚಿಡುತ್ತಾರೆ. ಗಂಜಿ ಆ ತೂತಿನಿಂದ ಮೇಲೆ ಕೊತಕೊತ ಅಂತ ಉಕ್ಕುತ್ತಾ ಹಿಟ್ಟನ್ನೆಲ್ಲ ಬೇಯಿಸಬೇಕು. ಆಮೇಲೆ ಪಾತ್ರೆಯನ್ನು ಎರಡು ಕಾಲಿನ ನಡುವೆ ಹಿಡಿದು ತಿರುವಬೇಕು. ಗಂಟು ಉಳಿದರೆ ಅವಮಾನ. ಒದ್ದೆ ತಟ್ಟೆಗೆ ಹಾಕಿ ಉರುಟು ಮಾಡಿದ ಮುದ್ದೆ ಹೊಳೆಯುತ್ತಾ ಬರುತ್ತೆ. ಆ ಹೊಳಪಿಗೆ ಆಯಸ್ಸು ಕಡಿಮೆ ರಾಯರೇ. ಒಂದು ಗಂಟೆ ಕಳೆದರೆ ಮೇಲೆ ಚಕ್ಕೆ ಕಟ್ಟುತ್ತೆ, ಎರಡು ಗಂಟೆಗೆ ಅದೇ ಮುದ್ದೆಯನ್ನು ಗೋಡೆಗೆ ಹೊಡೆದು ಮೊಳೆ ಜಡಿಯಬಹುದು. ಹೊಲದಲ್ಲಿ ಬೆಳಿಗ್ಗೆಯಿಂದ ದುಡಿದವರು, ಮಂಡಿಯಲ್ಲಿ ಮೂಟೆ ಹೊತ್ತವರು ಹನ್ನೆರಡಕ್ಕೆ ಕೂರುತ್ತಾರೆ. ಮೆಸ್ಸಿನವರು ಹನ್ನೊಂದೂಮುಕ್ಕಾಲಿಗೆ ತಿರುವಿ ಮುಗಿಸುತ್ತಾರೆ. ಒಂದೂವರೆಗೆ ಹೋದರೆ ಅನ್ನವೇ ಗತಿ.

ಜೊತೆಗೆ ಏನು ಅನ್ನೋದು ದಿನದ ಮೇಲೆ. ಮೊಳಕೆ ಹುರುಳಿ ಸಾರು ಇದ್ದರೆ ಅದೃಷ್ಟ. ಹರಿವೆ, ದಂಟು, ಕೀರೆ ಸೇರಿಸಿ ಮಸೆದ ಸೊಪ್ಪು ಹೆಚ್ಚುಕಮ್ಮಿ ದಿನಾ ಇರುತ್ತೆ. ಮಾಂಸ ತಿನ್ನುವವರಿಗೆ ನಾಟಿಕೋಳಿ ಸಾರು. ಕರುವಾಡು, ಅಂದರೆ ಒಣಮೀನಿಗೆ ಬದನೆಕಾಯಿ ಹಾಕಿದ ಕುಳಂಬು ಇದ್ದರೆ ನಾನು ಮಿಕ್ಕಿದ್ದನ್ನು ತಿರುಗಿ ನೋಡಲ್ಲ. ಡಿಸೆಂಬರು, ಜನವರಿ ಬಂತೆಂದರೆ ಕೆಲಮಂಗಲ, ತಳಿ ಕಡೆಯ ಸೊಗಡವರೆ ಬರುತ್ತೆ. ಮೆಸ್ಸಿನ ಹೆಂಗಸರು ಬೆಳಗಿನ ಜಾವ ಕೂತು ಹಿದುಕಿಟ್ಟಿರುತ್ತಾರೆ. ಹಿದುಕಿದ ಬೇಳೆ ಸಾರಿಗೆ ಮುದ್ದೆ ಅದ್ದಿ ನುಂಗುವ ಆ ಎರಡು ತಿಂಗಳು ನಾನು ಡಾಕ್ಟರ ಮಾತು ಕೇಳುವುದಿಲ್ಲ.

ಒಣಮೀನಿನ ಹೆಸರು ಕೇಳಿ ರಾಯರು ಕಾಂಪೌಂಡಿನಿಂದ ಒಂದು ಹೆಜ್ಜೆ ಹಿಂದೆ ಸರಿದಿದ್ದರು. ಅವರೆ ಅಂದ ಮೇಲೆ ವಾಪಸು ಬಂದರು.

“ನಾವು ಸಾತ್ವಿಕರು ಗೌಡ್ರೇ, ಎಲೆ ಊಟ ಹೇಳಿ.”

ಎಲೆ ಊಟದಲ್ಲಿ ಬೆಂಗಳೂರಿನವರು ಇಲ್ಲಿ ತಪ್ಪದೆ ಎಡವುತ್ತಾರೆ. ನಮ್ಮ ಕ್ರಮದಲ್ಲಿ ಮೊದಲು ಸಾರು, ಆಮೇಲೆ ಹುಳಿ. ಇಲ್ಲಿ ಸಾಂಬಾರು ಮೊದಲು, ನಡುವೆ ಕಾರ ಕುಳಂಬು, ಆಮೇಲೆ ರಸಂ, ಕೊನೆಗೆ ಮಜ್ಜಿಗೆ. ಬಡಿಸುವವನು ಬಕೀಟು ಹಿಡಿದು ಇದೇ ಸಾಲಿನಲ್ಲಿ ಬರುತ್ತಾನೆ. ನೀವು ಮೊದಲೇ ರಸಂ ಅಂದರೆ ಅವನಿಗೆ ನಿಮ್ಮ ಊಟ ಮುಗಿಯಿತು ಅಂತ ಅರ್ಥ. ಆಮೇಲೆ ಸಾಂಬಾರಿನ ಬಕೀಟು ನಿಮ್ಮ ಕಡೆ ತಿರುಗುವುದಿಲ್ಲ. ಎಲ್ಲಕ್ಕಿಂತ ರುಚಿ ಇರೋದು ಆ ನಡುವಿನ ಕಾರ ಕುಳಂಬಿನಲ್ಲಿ. ಸುಂಡೆಕಾಯಿಯೋ ಬೆಳ್ಳುಳ್ಳಿಯೋ ಎಣ್ಣೆಯಲ್ಲಿ ಹುರಿದು, ಹುಣಸೆಹಣ್ಣಿನ ರಸದಲ್ಲಿ ಗಟ್ಟಿಯಾಗುವ ತನಕ ಕುದಿಸಿದ್ದು. ಅದನ್ನು ಬಕೀಟಿನಲ್ಲಿ ತರುವುದಿಲ್ಲ, ಚಿಕ್ಕ ಪಾತ್ರೆಯಲ್ಲಿ ತರುತ್ತಾರೆ. ಕೇಳದಿದ್ದರೆ ಮುಂದೆ ಹೋಗಿಬಿಡುತ್ತಾರೆ. ಬೆಂಗಳೂರಿನಲ್ಲಿ 1980ರ ದಶಕದಲ್ಲಿ ದರ್ಶಿನಿಗಳು ಬಂದು ಜನಕ್ಕೆ ನಿಂತು ತಿನ್ನೋದು ಕಲಿಸಿದವು, ಒಳ್ಳೇದೇ, ಬಡವನಿಗೂ ಶುಚಿಯಾದ ತಿಂಡಿ ಸಿಕ್ಕಿತು. ಆದರೆ ಕೂತು, ಎಲೆಗೆ ನೀರು ಚಿಮುಕಿಸಿ, ಮೂರು ಸಲ ಅನ್ನ ಹಾಕಿಸಿಕೊಂಡು ತಿನ್ನುವ ಸುಖ ಇನ್ನೂ ಈ ಕಡೆ ಸಣ್ಣ ಮೆಸ್ಸುಗಳಲ್ಲಿ ಉಳಿದಿದೆ.

ಆಮೇಲೆ ನಾನು ಕುಸ್ಕಾ ವಿಚಾರ ಎತ್ತಿದೆ. ಎತ್ತಬಾರದಿತ್ತೇನೋ.

ಕೃಷ್ಣಗಿರಿ ಅಂದರೆ ಬೆಂಗಳೂರು, ಚೆನ್ನೈ, ಸೇಲಂ, ಪುದುಚೇರಿ ರಸ್ತೆಗಳೆಲ್ಲ ಬಂದು ಕೂಡುವ ಊರು. ಹಳೇ ಬಾರಾಮಹಲ್. 1792ರಲ್ಲಿ ಟಿಪ್ಪು ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಇಂಗ್ಲಿಷರಿಗೆ ಬಿಟ್ಟುಕೊಟ್ಟ ಸೀಮೆ. ಅಲ್ಲಿನ ಹಳೇಪೇಟೆ ಕಡೆ ಮಧ್ಯಾಹ್ನ ಹನ್ನೆರಡೂವರೆಗೆ ಹಂಡೆಯ ಮುಚ್ಚಳ ತೆಗೆಯುತ್ತಾರೆ. ಇದು ಬೆಂಗಳೂರಿನ ದೊನ್ನೆ ಬಿರಿಯಾನಿಯಲ್ಲ. ದೊನ್ನೆಯದು ಕೊತ್ತಂಬರಿ ಪುದೀನದ ಹಸಿರು. ಇದು ಆಂಬೂರು, ವಾಣಿಯಂಬಾಡಿ ಕಡೆಯ ರೀತಿ. ನೆನೆಸಿ ರುಬ್ಬಿದ ಒಣಮೆಣಸಿನಕಾಯಿಯ ಕೆಂಪು, ಜೀರಿಗೆಯಷ್ಟೇ ಸಣ್ಣ ಸೀರಗ ಸಾಂಬ ಅಕ್ಕಿ, ಪಕ್ಕದಲ್ಲಿ ಹುಳಿಹುಳಿಯಾದ ಎಣ್ಣೆ ಬದನೆಕಾಯಿ ಮತ್ತು ಈರುಳ್ಳಿ ಮೊಸರು. ಬದನೆಕಾಯಿ ಬೇಡ ಅನ್ನುವವರನ್ನು ನಾನು ನೋಡಿದ್ದೇನೆ. ಅವರ ಬಗ್ಗೆ ನನಗೆ ಹೇಳೋಕೆ ಏನೂ ಇಲ್ಲ.

“ಕುಸ್ಕಾ ಅಂದ್ರೆ?”

“ಮಾಂಸದ ತುಂಡು ಇಲ್ಲದ ಬಿರಿಯಾನಿ ಅನ್ನ.”

ರಾಯರ ಮುಖ ಅರಳಿತು. “ಹಾಗಾದ್ರೆ ನಾವು ತಿನ್ನಬಹುದು!”

“ತುಂಡು ಇಲ್ಲ ರಾಯರೇ. ಆದರೆ ಹಂಡೆ ಅದೇ.”

ರಾಯರು ಬಹಳ ಹೊತ್ತು ಯೋಚಿಸಿದರು. ಹಿಂದಿನಿಂದ ಅವರ ಮನೆಯವರು ಬಟ್ಟೆ ಒಣಹಾಕೋಕೆ ಬಂದು ಹೋದರು. ಅವರು ಒಳಗೆ ಹೋದದ್ದನ್ನು ಖಾತ್ರಿ ಮಾಡಿಕೊಂಡು ರಾಯರು ಕೇಳಿದರು: “ಗೊತ್ತಿಲ್ಲದೆ ತಿಂದಿದ್ರೆ?”

“ಈಗ ಗೊತ್ತಾಯ್ತಲ್ಲ.”

“ನೀವು ಹೇಳಬಾರದಾಗಿತ್ತು ಗೌಡ್ರೇ.” ನಿಜವಾದ ನೋವಿತ್ತು ಆ ಮಾತಿನಲ್ಲಿ. ಆಮೇಲೆ ತಗ್ಗಿದ ದನಿಯಲ್ಲಿ, “ಮೊಟ್ಟೆವರೆಗೆ ಪರವಾಗಿಲ್ಲ. ನಾನು ಬ್ಯಾಂಕಿನ ಟ್ರೇನಿಂಗಿಗೆ ಅಂತ ಹೈದರಾಬಾದಿಗೆ ಹೋದಾಗಿನಿಂದ ಮೊಟ್ಟೆ ಇದೆ. ಮನೇಲಿ ಗೊತ್ತಿಲ್ಲ.”

ಮೊಟ್ಟೆ ಅಂದರೆ ಸಂಜೆಗೆ ಬಂದಹಾಗಾಯಿತು. ನಾಲ್ಕು ಗಂಟೆ. ಎರಡನೇ ಪಾಳಿ ಒಳಗೆ ಹೋಗಿದೆ, ಮೊದಲನೇ ಪಾಳಿ ನಿದ್ದೆ ಮಾಡಿ ಎದ್ದಿದೆ, ಸ್ಕೂಲು ಬಿಟ್ಟಿದೆ. ಹೊಸೂರಿನ ಯಾವ ಟೀ ಅಂಗಡಿಯ ಮುಂದೆ ಹೋದರೂ ಕಡಲೆಹಿಟ್ಟಿನ ವಾಸನೆ. ಬಾಣಲೆ ಒಂದೇ, ಆದರೆ ಅದಕ್ಕೊಂದು ಸರದಿ ಇದೆ. ಮೊದಲು ಮಸಾಲೆ ವಡೆ, ಎಣ್ಣೆ ಹೊಸದಾಗಿರುವಾಗ. ಅದು ಕಡಲೆಬೇಳೆಯನ್ನು ಒರಟೊರಟಾಗಿ ರುಬ್ಬಿ, ಸೋಂಪು, ಈರುಳ್ಳಿ, ಕರಿಬೇವು ಸೇರಿಸಿ ಅಂಗೈಯಲ್ಲಿ ತಟ್ಟಿದ್ದು. ಆಮೇಲೆ ಮೆಣಸಿನಕಾಯಿ ಬಜ್ಜಿ, ಬಾಳೆಕಾಯಿ ಬಜ್ಜಿ. ಕೊನೆಗೆ ಮೊಟ್ಟೆ ಬೋಂಡಾ. ನಾಲ್ಕೂವರೆಗೆ ಹೋಗಿ ಮಸಾಲೆ ವಡೆ ಕೇಳಿದರೆ ತಣ್ಣಗಿನದು ಕೊಡುತ್ತಾರೆ, ಮೂರೂಮುಕ್ಕಾಲಿಗೆ ಹೋಗಿ ಮೊಟ್ಟೆ ಬೋಂಡಾ ಕೇಳಿದರೆ ಕಾಯಿರಿ ಅಂತಾರೆ. ಇದು ಯಾವ ಬೋರ್ಡಿನಲ್ಲೂ ಬರೆದಿರಲ್ಲ. ಎರಡು ದಿನ ನಿಂತು ನೋಡಿದರೆ ತಾನಾಗಿ ಗೊತ್ತಾಗುತ್ತೆ.

“ಬೋಂಡಾದಲ್ಲಿ ಮೊಟ್ಟೆ ಹೊರಗೆ ಕಾಣುತ್ತಾ?”

“ಇಲ್ಲ. ಕಡಲೆಹಿಟ್ಟು ಮುಚ್ಚಿರುತ್ತೆ.”

“ಆಲೂ ಬೋಂಡಾಕ್ಕೂ ಅದಕ್ಕೂ ದೂರದಿಂದ ನೋಡಿದ್ರೆ...”

“ಯಾವ ವ್ಯತ್ಯಾಸವೂ ಇಲ್ಲ ರಾಯರೇ.”

ಅವರಿಗೆ ಹೊಸೂರಿನ ಮೇಲೆ ಅಷ್ಟರಲ್ಲಿ ಒಂದು ಅಭಿಮಾನ ಮೂಡಿದ್ದು ಮುಖದಲ್ಲಿ ಕಂಡಿತು.

ಟೀ ಬಗ್ಗೆ ಒಂದು ಮಾತು. ಇಲ್ಲಿನವರಿಗೆ ‘ಬೈ ಟು’ ಅಂದರೆ ಅರ್ಥವಾಗುತ್ತೆ, ಬೆಂಗಳೂರಿನ ಸಹವಾಸ. ಆದರೆ ಇಬ್ಬರಿಗೂ ಪೂರ್ತಿ ಟೀ ತೆಗೆದುಕೊಳ್ಳದವರನ್ನು ಅಂಗಡಿಯವನು ನೆನಪಿಟ್ಟುಕೊಳ್ಳುತ್ತಾನೆ, ಅದು ಒಳ್ಳೆಯ ನೆನಪಲ್ಲ. ಕಾಫಿ ಬೇಕಿದ್ದರೆ ಮನೆಯಲ್ಲೇ ಕುಡಿಯಿರಿ. ಅದರಲ್ಲಿ ನಾನು ಬಸವನಗುಡಿಗೆ ಎದುರಾಡಲ್ಲ.

ರಾತ್ರಿಯದು ಪರೋಟ. ಅದನ್ನು ಜಾಸ್ತಿ ವಿವರಿಸಬೇಕಾಗಿಲ್ಲ, ಏಳು ಗಂಟೆಯ ಮೇಲೆ ಸದ್ದೇ ದಾರಿ ತೋರಿಸುತ್ತೆ. ಎರಡು ಕಬ್ಬಿಣದ ಸಟ್ಟುಗದಲ್ಲಿ ಕೊತ್ತು ಪರೋಟ ಕೊಚ್ಚುವ ಸದ್ದು ಎರಡು ಬೀದಿ ಆಚೆಗೆ ಕೇಳುತ್ತೆ. ಮೈದಾ, ಎಣ್ಣೆ, ಸಕ್ಕರೆ, ಎಲ್ಲ ಕೆಟ್ಟದ್ದೇ ಅಂತ ನಮ್ಮನೆಯವಳು ಹೇಳುತ್ತಾಳೆ, ಸರಿಯೇ. ಆದರೂ ವೀಚು ಪರೋಟದವನು ಹಿಟ್ಟನ್ನು ಪಂಚೆ ಒದರುವ ಹಾಗೆ ಗಾಳಿಗೆ ಒದರಿ ಕಲ್ಲಿನ ಮೇಲೆ ಎಸೆಯುವುದನ್ನು ಒಮ್ಮೆ ನಿಂತು ನೋಡಬೇಕು. ಜೊತೆಗೆ ಸಾಲ್ನಾ, ಅಂದರೆ ತೆಳ್ಳಗಿನ ಮಸಾಲೆ ಸಾರು. ಅದರಲ್ಲಿ ‘ಎಂಪ್ಟಿ ಸಾಲ್ನಾ’ ಅಂತಲೂ ಸಿಗುತ್ತೆ, ಕುಸ್ಕಾದ ಕಥೆಯೇ. ಪಾತ್ರೆ ಅದೇ. ಅದನ್ನು ಈ ಸಲ ನಾನು ರಾಯರಿಗೆ ಹೇಳಲಿಲ್ಲ. ಕಲಿತಿದ್ದೆ.

ಕೃಷ್ಣಗಿರಿ ಅಣೆಕಟ್ಟಿನ ಮೀನನ್ನು ಹೇಳದೆ ಬಿಟ್ಟರೆ ನಮ್ಮ ಜಿಲ್ಲೆಯವರು ನನ್ನನ್ನು ಬಿಡಲ್ಲ. ಕಾಮರಾಜರು ಮುಖ್ಯಮಂತ್ರಿಯಾಗಿದ್ದಾಗ, 1950ರ ದಶಕದಲ್ಲಿ ದಕ್ಷಿಣ ಪಿನಾಕಿನಿಗೆ ಕಟ್ಟಿದ ಅಣೆಕಟ್ಟು. ಕೆ.ಆರ್.ಪಿ. ಡ್ಯಾಂ ಅಂತಾರೆ. ಅದರ ಹತ್ತಿರ ಅಂಗಡಿ ಸಾಲು. ಕೆಂಪು ಮಸಾಲೆ ಬಳಿದ ಮೀನು ತಟ್ಟೆಯಲ್ಲಿ ಮಲಗಿರುತ್ತೆ, ನೀವು ಬೆರಳು ತೋರಿಸಿದ್ದನ್ನು ಕರಿದು ಕೊಡುತ್ತಾರೆ. ಅಲ್ಲಿ ಜಿಲೇಬಿ ಕೇಳಿ. ಸಿಹಿಯಲ್ಲ, ಮೀನೇ. ಭಾನುವಾರ ಬೇಡ, ಜನಜಂಗುಳಿ. ವಾರದ ದಿನ ಹತ್ತೂವರೆ, ಹನ್ನೊಂದಕ್ಕೆ ಹೋದರೆ ಬೆಳಗಿನ ಮೀನು ಬಂದಿರುತ್ತೆ. ಆ ನದಿ ನಂದಿಬೆಟ್ಟದ ಕಡೆ ಹುಟ್ಟಿ, ಬೆಂಗಳೂರಿನ ಅಂಚಿನಲ್ಲಿ ಏನೇನು ಕುಡಿದು, ಇಲ್ಲಿ ಕೆಲವರಪಳ್ಳಿಯಲ್ಲಿ ನೊರೆ ಕಾರಿಕೊಂಡು ಹೋಗುತ್ತೆ ಅನ್ನೋದೂ ನಿಜ. ಅದನ್ನು ಕೇಳಬೇಕಾದ್ದು ನಿಮ್ಮ ಊರಿನವರನ್ನು ಅಂದೆ.

ರಾಯರು ಆ ಮಾತನ್ನು ಕೇಳಿಸಿಕೊಳ್ಳದವರ ಹಾಗೆ ಆಕಾಶ ನೋಡಿದರು.

ಬೇಸಿಗೆಗೆ ತಿನ್ನೋಕಿಂತ ಕುಡಿಯೋದೇ ಜಾಸ್ತಿ. ಮಾರ್ಚಿ ಬಂದರೆ ತಳ್ಳುಗಾಡಿಯ ಮೇಲೆ ಮಣ್ಣಿನ ಮಡಕೆ ಬರುತ್ತೆ, ಅದರಲ್ಲಿ ಸಜ್ಜೆ ಅಂಬಲಿ, ರಾಗಿ ಅಂಬಲಿ. ಮಜ್ಜಿಗೆ, ಸಣ್ಣಗೆ ಹೆಚ್ಚಿದ ಈರುಳ್ಳಿ ಸೇರಿಸಿ ಲೋಟಕ್ಕೆ ಹುಯ್ದು, ಕಡಿಯೋಕೆ ಮಜ್ಜಿಗೆ ಮೆಣಸಿನಕಾಯಿ, ಮಾವಿನಕಾಯಿ ಹೋಳು ಇಡುತ್ತಾರೆ. ಮಾವಿನಕಾಯಿ ಅಂದರೆ ತೋತಾಪುರಿ. ಕೃಷ್ಣಗಿರಿಯ ಸುತ್ತಮುತ್ತಲ ತೋಟವೆಲ್ಲ ಅದೇ, ಕಾರ್ಖಾನೆಗಳು ಅದರ ತಿರುಳು ತೆಗೆದು ಡಬ್ಬಿ ಕಟ್ಟಿ ಪರದೇಶಕ್ಕೆ ಕಳಿಸುತ್ತವೆ. ಹಣ್ಣಾದ ಮೇಲೆ ಅದು ದೊಡ್ಡ ಹಣ್ಣೇನಲ್ಲ, ಮಲ್ಗೋವಾದ ಮುಂದೆ ನಿಲ್ಲಲ್ಲ. ಕಾಯಿಯಾಗಿ, ಉಪ್ಪು ಖಾರ ಹಚ್ಚಿ, ಕೃಷ್ಣಗಿರಿ ಬಸ್ ಸ್ಟ್ಯಾಂಡಿನಲ್ಲಿ ಬಸ್ಸಿನ ಕಿಟಕಿಯಿಂದ ತೆಗೆದುಕೊಂಡರೆ ಅದಕ್ಕೆ ಸರಿಸಾಟಿ ಇಲ್ಲ. ರಸ್ತೆ ಬದಿಯಲ್ಲಿ ತಾಟಿನುಂಗು ಕೊಚ್ಚಿ ಕೊಡುವವರೂ ಸಿಗುತ್ತಾರೆ. ಅದು ಬಿಸಿಲೇರುವ ಮುಂಚೆ. ಆಮೇಲೆ ಒಳಗಿನ ನೀರು ಬಿಸಿಯಾಗಿಬಿಡುತ್ತೆ.

ಇಷ್ಟೆಲ್ಲ ಹೇಳಿ ಮುಗಿಸುವ ಹೊತ್ತಿಗೆ ರಾಯರು ಮನಸ್ಸಿನಲ್ಲೇ ಒಂದು ದಿನಚರಿ ಬರೆದುಕೊಂಡಿದ್ದರು. ಆರೂವರೆ ಇಡ್ಲಿ, ಹನ್ನೆರಡು ಮುದ್ದೆ, ನಾಲ್ಕೂವರೆಗೆ ‘ಆಲೂ ಬೋಂಡಾ’. ಬ್ಯಾಂಕಿನ ಲೆಡ್ಜರಿನ ಶಿಸ್ತು ಎಲ್ಲಿ ಹೋಗುತ್ತೆ?

“ಸರಿ ಗೌಡ್ರೇ, ಮಾತು ಸಾಕು. ಸ್ಕೂಟರ್ ತೆಗೀತೀನಿ, ನೀವೂ ಬನ್ನಿ. ಈಗ ಟೈಮ್ ಎಷ್ಟು?”

“ಹತ್ತೂಕಾಲು.”

“ಹತ್ತೂಕಾಲಕ್ಕೆ ಏನು ಚೆನ್ನಾಗಿರುತ್ತೆ?”

“ಹತ್ತೂಕಾಲಕ್ಕಾ? ಏನೂ ಸಿಗಲ್ಲ ರಾಯರೇ. ಅದು ನಮ್ಮೂರಲ್ಲಿ ಪಾತ್ರೆ ತೊಳೆಯೋ ಹೊತ್ತು.”